ಬಿದ್ದ ತಾರೀಖು ಬರೆದಿಡಿ

ಮನೆಯಲ್ಲಿ ವಯಸ್ಸಾದವರು ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟು ಮಾಡಿಕೊಂಡರೆ, ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಮಕ್ಕಳೇ. ಗ್ಯಾಸ್ ಸಿಲಿಂಡರ್ ಬಂದ ದಿನ ಬರೆಯುತ್ತೀರಲ್ಲ, ಅದರ ಪಕ್ಕದಲ್ಲೇ ಬರೆಯಿರಿ. ನಾವು ಮುದುಕರು "ಏನೂ ಆಗಿಲ್ಲ ಬಿಡ್ರೋ" ಅಂದು ಎದ್ದು ಕಾಫಿ ಕೇಳುತ್ತೇವೆ. ಆ ಮಾತನ್ನು ಪೂರ್ತಿ ನಂಬಬೇಡಿ.

ವಯಸ್ಸಾದಂತೆ ಮಿದುಳು ತುಸು ಕುಗ್ಗುತ್ತದೆ. ಅದರಿಂದ ಹೊರಪೊರೆಗೆ ಹೋಗುವ ಸಣ್ಣ ರಕ್ತನಾಳಗಳು ಎಳೆದು ನಿಂತಿರುತ್ತವೆ. ಸಣ್ಣ ಪೆಟ್ಟಿಗೂ ಹರಿಯಬಹುದು. ರಕ್ತ ತೆಳುಮಾಡುವ ಮಾತ್ರೆ ನುಂಗುವವರಿಗೆ ಈ ಅಪಾಯ ಹೆಚ್ಚು. ಪೊರೆಯಡಿ ರಕ್ತ ಮೆಲ್ಲಗೆ ಸೇರುತ್ತಾ ಹೋಗಿ, ಮೂರು ವಾರಕ್ಕೋ ಆರು ವಾರಕ್ಕೋ ತಲೆನೋವು, ಹಗಲೆಲ್ಲ ತೂಕಡಿಕೆ, ತಡವರಿಸುವ ಹೆಜ್ಜೆ ಶುರುವಾಗುತ್ತವೆ. ಒಂದೇ ಕೈಯಿಂದ ಪದೇ ಪದೇ ಲೋಟ ಜಾರುತ್ತದೆ. ಮೊಮ್ಮಗನನ್ನು ಮಗನ ಹೆಸರಿನಿಂದ ಕರೆಯುತ್ತಾರೆ. ಆಗ ಮನೆಯವರೆಲ್ಲ "ಅರಳು ಮರಳು" ಅಂದು ಸುಮ್ಮನಾಗುತ್ತಾರೆ. ನನಗೆ ಸಿಟ್ಟು ಬರುವುದೇ ಇಲ್ಲಿ. ಮುಪ್ಪಿನ ಮರೆವು ಸಾಮಾನ್ಯವಾಗಿ ವರ್ಷಗಟ್ಟಲೆ ತೆವಳಿಕೊಂಡು ಬರುತ್ತದೆ. ಎರಡು ವಾರದಲ್ಲಿ ಬಂದ ಗೊಂದಲಕ್ಕೆ ವಯಸ್ಸನ್ನು ದೂರಬೇಡಿ, ಸಿಟಿ ಸ್ಕ್ಯಾನ್ ಮಾಡಿಸಿ. ಕೆಲವೇ ನಿಮಿಷದ ಕೆಲಸ. ರಕ್ತ ಹೆಚ್ಚು ತುಂಬಿದ್ದರೆ ಬುರುಡೆಯಲ್ಲಿ ಒಂದೆರಡು ಸಣ್ಣ ತೂತು ಕೊರೆದು, ಎಂಜಿನ್ ಆಯಿಲ್‌ನಂತೆ ಕಪ್ಪಾದ ಹಳೆಯ ರಕ್ತವನ್ನು ಹರಿಸಿ, ಒಂದೆರಡು ದಿನ ನಳಿಕೆ ಇಟ್ಟಿರುತ್ತಾರೆ. ಮಿದುಳನ್ನು ಕೊಯ್ಯುತ್ತಾರೆಂದು ಹೆದರುವವರಿಗೆ ಹೇಳಿ: ಕೊಯ್ಯುವುದಿಲ್ಲ. ಎಷ್ಟೋ ಮಂದಿ ನಡೆದುಕೊಂಡೇ ಮನೆಗೆ ಬರುತ್ತಾರೆ. ಕೆಲವರಲ್ಲಿ ರಕ್ತ ಮತ್ತೆ ಸೇರುವುದುಂಟು, ಆದ್ದರಿಂದ ಆಮೇಲೂ ಕಣ್ಣಿಟ್ಟಿರಬೇಕು.

ಬೈಕ್ ಓಡಿಸುವ ನಿಮಗೆ ಇಷ್ಟು ಬಿಡುವು ಸಿಗುವುದಿಲ್ಲ. ಕಣತಲೆಯ ತೆಳು ಮೂಳೆ ಒಡೆದು ಒಳಗಿನ ಅಪಧಮನಿ ಹರಿದರೆ ಕೆಲವೇ ಗಂಟೆಗಳ ಆಟ. 2009ರ ಮಾರ್ಚ್‌ನಲ್ಲಿ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದ ಕ್ಯುಬೆಕ್‌ನಲ್ಲಿ ಸ್ಕೀಯಿಂಗ್ ಕಲಿಯುವಾಗ ಬಿದ್ದರು. ಚೆನ್ನಾಗಿಯೇ ಮಾತಾಡಿದರು, ವೈದ್ಯರ ನೆರವು ಬೇಡವೆಂದರು. ಆಮೇಲೆ ತಲೆನೋವು ಬಂತು. ಎರಡು ದಿನದಲ್ಲಿ ತೀರಿಕೊಂಡರು, ವಯಸ್ಸು ನಲವತ್ತೈದು. ಪೆಟ್ಟು ಬಿದ್ದ ಗೆಳೆಯ ವಾಂತಿ ಮಾಡಿಕೊಂಡರೆ, ತಲೆನೋವು ಏರುತ್ತಾ ಹೋದರೆ, ತೊದಲಿದರೆ "ಮಲಗಲಿ ಬಿಡು" ಅನ್ನದೆ 108ಕ್ಕೆ ಫೋನ್ ಮಾಡಿ.

ಪೆಟ್ಟೇ ಬೀಳದೆ, ಹುಟ್ಟಾ ಕಂಡರಿಯದ ತಲೆನೋವು ಒಂದೇ ಕ್ಷಣದಲ್ಲಿ ಸಿಡಿದು ಬಂದರೂ ಅಷ್ಟೇ ಅವಸರ. ಮಿದುಳಿನ ಬುಡದಲ್ಲಿ ಉಬ್ಬಿದ್ದ ರಕ್ತನಾಳ ಒಡೆದಿರಬಹುದು.

ಇಂಥ ಹೊತ್ತಿನಲ್ಲಿ ಮಂಪರಿನಲ್ಲಿರುವವರ ಬಾಯಿಗೆ ನೀರು ಹುಯ್ಯಬೇಡಿ. ಫಿಟ್ಸ್ ಬಂದರೆ ಕೈಗೆ ಬೀಗದ ಕೈ ತುರುಕದೆ ಪಕ್ಕಕ್ಕೆ ಹೊರಳಿಸಿ. ತಲೆನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ರಕ್ತ ಇನ್ನಷ್ಟು ಸೋರೀತು. ದಿನಾ ನುಂಗುವ ಮಾತ್ರೆಗಳ ಸ್ಟ್ರಿಪ್‌ಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರ ಮುಂದೆ ಸುರಿಯಿರಿ. ರಕ್ತ ತೆಳುಮಾಡುವ ಮಾತ್ರೆಯನ್ನು ನಿಲ್ಲಿಸುವುದೂ ಮತ್ತೆ ಶುರುಮಾಡುವುದೂ ಅವರ ಕೆಲಸ. ಆಸ್ಪತ್ರೆಯಿಂದ ಹೊರಡುವಾಗ ಯಾವತ್ತಿನಿಂದ ಎಂದು ಕೇಳಿ, ಅದನ್ನೂ ಕ್ಯಾಲೆಂಡರಿನಲ್ಲಿ ಬರೆಯಿರಿ.