ಸೀಳು ಕಲ್ಲಿನಲ್ಲೋ, ಮಾತಿನಲ್ಲೋ?

ಪ್ರಶ್ನೆ: ಗ್ರಾನೈಟ್ ಪಾಲಿಷ್ ಮಾಡುವ ಘಟಕವೊಂದರಲ್ಲಿ ನಾನು ಕ್ವಾಲಿಟಿ ನೋಡಿಕೊಳ್ಳುತ್ತೇನೆ. ನಮಗೆ ಐಎಸ್‌ಒ 9001 ಪ್ರಮಾಣಪತ್ರ ಇದೆ. ಈ ಸಲ ಬಂದ ಆಡಿಟರ್ ನಮ್ಮ ರಿಸ್ಕ್ ರಿಜಿಸ್ಟರ್ ತಿರುವಿ ಹಾಕಿ, ‘ಯಂತ್ರ ಕೆಡೋದು, ಕರೆಂಟ್ ಹೋಗೋದು ಎಲ್ಲ ಬರೆದೀರಿ, ನಾಯಕತ್ವದ ರಿಸ್ಕ್ ಎಲ್ಲಿ?’ ಎಂದು ಕೇಳಿದರು. ಮಾಲೀಕರನ್ನೇ ರಿಸ್ಕ್ ಎಂದು ಬರೆಯಲಾದೀತೇ? ಬರೆದರೆ ನನ್ನ ಕೆಲಸ ಉಳಿದೀತೇ?
— ಹೆಸರು ಬೇಡ ಎಂದಿರುವ ಓದುಗರು, ಇಳಕಲ್

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯಲ್ಲೇ ಮೊದಲನೆಯದರ ಉತ್ತರವಿದೆ. ಕೆಟ್ಟ ಸುದ್ದಿಯನ್ನು ಮೇಲಿನವರಿಗೆ ಹೇಳಲು ಕೆಳಗಿನವರು ಹೆದರುವುದು ನಾಯಕತ್ವದ ರಿಸ್ಕ್‌ಗಳಲ್ಲೆಲ್ಲ ದೊಡ್ಡದು. ಅದನ್ನು ನೀವಾಗಲೇ ಗುರುತಿಸಿದ್ದೀರಿ, ರಿಜಿಸ್ಟರಿಗೆ ಇಳಿಸಿಲ್ಲ ಅಷ್ಟೆ.

ನಿಮ್ಮ ಅಂಗಳದ್ದೇ ಉದಾಹರಣೆ ತೆಗೆದುಕೊಳ್ಳೋಣ. ಸ್ಲ್ಯಾಬಿನ ಮೇಲೆ ನೀರು ಸುರಿದು ಒಣಗುವವರೆಗೆ ಕಾಯುತ್ತೀರಿ. ಸುತ್ತಲಿನ ಕಲ್ಲೆಲ್ಲ ಆರಿದರೂ ಕೂದಲೆಳೆಯಷ್ಟು ಒಂದು ಗೆರೆ ಮಾತ್ರ ಹಸಿಯಾಗಿಯೇ ಇದ್ದರೆ ಅಲ್ಲಿ ಸೀಳಿದೆ ಎಂದು ಅರ್ಥ. ‘ಸಾವ್ಕಾರ್ರ, ಇದರಾಗ ಸೀಳ ಐತ್ರಿ.’ ‘ನಡೀತೈತಿ, ತುಂಬ್ರಿ. ನಾಳೆ ಲಾರಿ ಹೋಗಬೇಕು.’ ಇಲ್ಲಿ ಕಲ್ಲು ಕೆಟ್ಟಿಲ್ಲ ಎಂದಲ್ಲ. ಆದರೆ ಕಲ್ಲಿನ ದೋಷವನ್ನು ನಿಮ್ಮ ಪರೀಕ್ಷೆ ಹಿಡಿಯಿತು. ‘ನಡೀತೈತಿ’ ಎಂಬ ಮಾತನ್ನು ಹಿಡಿಯುವ ಪರೀಕ್ಷೆ ನಿಮ್ಮಲ್ಲಿಲ್ಲ. ಆಡಿಟರ್ ಕೇಳಿದ್ದು ಅದನ್ನೇ.

ಅವರು ಹಾಗೆ ಕೇಳಲು ಕಾರಣವೂ ಇದೆ. ಐಎಸ್‌ಒ 9001ರ 2008ರ ಆವೃತ್ತಿಯಲ್ಲಿ ‘ಮ್ಯಾನೇಜ್‌ಮೆಂಟ್ ರೆಪ್ರೆಸೆಂಟೇಟಿವ್’ ಎಂಬ ಹುದ್ದೆ ಕಡ್ಡಾಯವಾಗಿತ್ತು. ಎಷ್ಟೋ ಕಡೆ ಮಾಲೀಕರು ಒಬ್ಬರನ್ನು ಆ ಕುರ್ಚಿಯಲ್ಲಿ ಕೂರಿಸಿ ಗುಣಮಟ್ಟದ ಭಾರ ಇಳಿಸಿಕೊಂಡುಬಿಡುತ್ತಿದ್ದರು. 2015ರ ಆವೃತ್ತಿ ಆ ಕಡ್ಡಾಯವನ್ನು ಕೈಬಿಟ್ಟಿತು. ಅದರ 5ನೇ ಅಧ್ಯಾಯ ಪೂರ್ತಿ ನಾಯಕತ್ವದ್ದು. ವ್ಯವಸ್ಥೆ ಫಲ ಕೊಟ್ಟರೂ ಕೊಡದಿದ್ದರೂ ಉತ್ತರ ಹೇಳಬೇಕಾದವರು ಮೇಲಿನವರೇ ಎನ್ನುತ್ತದೆ. 6ನೇ ಅಧ್ಯಾಯ ರಿಸ್ಕ್ ಗುರುತಿಸಿ ಕ್ರಮ ಕೈಗೊಳ್ಳಿ ಎನ್ನುತ್ತದೆ. ಇಂಥದೇ ನಮೂನೆಯ ರಿಜಿಸ್ಟರ್ ಇರಬೇಕೆಂದು ಅದು ಎಲ್ಲಿಯೂ ಹೇಳಿಲ್ಲ. ಹಾಗಾಗಿ ದಪ್ಪ ಪುಸ್ತಕ ಬೇಡ, ಒಂದು ಹಾಳೆ ಸಾಕು.

ಆ ಹಾಳೆಯಲ್ಲಿ ಮಾಲೀಕರ ಹೆಸರು ಬರೆಯಬೇಡಿ. ಅವರೊಬ್ಬರೇ ತೆಗೆದುಕೊಳ್ಳುವ ನಿರ್ಧಾರಗಳನ್ನು ಬರೆಯಿರಿ. ಮಾಲು ಕೊಡುವ ತಾರೀಖು ಒಪ್ಪಿಕೊಳ್ಳುವುದು, ಬ್ಲಾಕ್ ಖರೀದಿ, ಕೂಲಿಯ ಲೆಕ್ಕ, ರಿಜೆಕ್ಟ್ ಆದ ಮಾಲನ್ನು ಬಿಡುವುದು, ಅವರು ಊರಲ್ಲಿಲ್ಲದಾಗ ಯಾರ ಮಾತು ನಡೆಯಬೇಕು ಎಂಬುದು. ಅಪ್ಪ ಒಂದು ಹೇಳಿ ಮಗ ಇನ್ನೊಂದು ಹೇಳುವ ಮನೆತನದ ಕಂಪನಿಯಾದರೆ ಅದನ್ನೂ ಸೇರಿಸಿ. ಒಂದೊಂದರ ಮುಂದೆಯೂ ಮೂರು ಪ್ರಶ್ನೆ ಇಡಿ: ಇದು ತಪ್ಪಿದರೆ ಗಿರಾಕಿಗೆ ಏನಾಗುತ್ತದೆ? ತಪ್ಪಿದ್ದು ನಮಗೆ ಎಷ್ಟು ದಿನಕ್ಕೆ ಗೊತ್ತಾಗುತ್ತದೆ? ಗೊತ್ತಾದಾಗ ತಡೆಯುವ ಅಧಿಕಾರ ಯಾರಿಗಿದೆ? ಮೂರನೆಯದಕ್ಕೆ ‘ಯಾರಿಗೂ ಇಲ್ಲ’ ಎಂದು ಬಂದ ಸಾಲುಗಳಿಂದಲೇ ಕೆಲಸ ಶುರುಮಾಡಿ.

ಕೂಲಿಯ ಲೆಕ್ಕ ಇಲ್ಲಿ ಯಾಕೆ ಬಂತು ಎನ್ನುವಿರಾದರೆ ನಿಮ್ಮೂರಿನ ಮಗ್ಗದ ಮನೆಯೊಂದಕ್ಕೆ ಹೋಗಿ ನೋಡಿ. ಇಳಕಲ್ ಸೀರೆಯ ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುವುದೇ ಕೊಂಡಿ. ಬೇರೆ ಸೀರೆಗಳಂತೆ ಒಂದೇ ಉದ್ದ ಹಾಸಿನಲ್ಲಿ ಸಾಲು ಸಾಲಾಗಿ ನೇಯಲು ಬರುವುದಿಲ್ಲ. ಪ್ರತಿ ಸೀರೆಗೂ ಕೊಂಡಿ ಹೊಸದಾಗಿ ಕೂಡಿಸಬೇಕು. ಕಣ್ಣು ಸೋಲುವ ಕೆಲಸ. ಕೂಲಿ ಸೀರೆಗಿಷ್ಟು ಎಂದಿದ್ದು, ಮದುವೆ ಸುಗ್ಗಿಯಲ್ಲಿ ಬೇಗ ಬೇಗ ಎಂದು ಒತ್ತಾಯ ಬಂದರೆ ಅವಸರವೆಲ್ಲ ಹೋಗಿ ಕೂರುವುದು ಆ ಕೊಂಡಿಯ ಮೇಲೆಯೇ. ನಾಳೆ ಸೆರಗು ಬಿಟ್ಟುಕೊಂಡರೆ ಬೈಗುಳ ನೇಕಾರನಿಗೆ. ಆದರೆ ಆ ದೋಷ ಹುಟ್ಟಿದ್ದು ಮಗ್ಗದ ಮೇಲಲ್ಲ, ಕೂಲಿ ಗೊತ್ತುಮಾಡಿದ ಗಾದಿಯ ಮೇಲೆ. ಟನ್ನಿಗಿಷ್ಟು, ಚದರಡಿಗಿಷ್ಟು ಎಂದು ಇನಾಮು ಇಟ್ಟಿದ್ದರೆ ನಿಮ್ಮ ಘಟಕಕ್ಕೂ ಇದೇ ಮಾತು ಒಪ್ಪುತ್ತದೆ.

ಇದು ಸಣ್ಣ ಘಟಕಗಳ ರೋಗ ಎಂದೂ ತಿಳಿಯಬೇಡಿ. ಉತ್ಪಾದನಾ ಸಾಲಿನ ಯಾವ ಕೆಲಸಗಾರ ಬೇಕಾದರೂ ಹಗ್ಗ ಎಳೆದು ಉತ್ಪಾದನೆ ನಿಲ್ಲಿಸಬಹುದು ಎಂಬ ಪದ್ಧತಿಗೆ ಹೆಸರಾದದ್ದು ಟೊಯೊಟಾ. ಅಂಥ ಕಂಪನಿ 2009–10ರಲ್ಲಿ ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. 2010ರ ಫೆಬ್ರುವರಿಯಲ್ಲಿ ಅಧ್ಯಕ್ಷ ಅಕಿಯೊ ಟೊಯೊಡಾ ಅಮೆರಿಕದ ಸಂಸದೀಯ ಸಮಿತಿಯ ಮುಂದೆ ಕೂತು ಕ್ಷಮೆ ಕೇಳಿದರು. ಮೊದಲು ಸುರಕ್ಷತೆ, ಆಮೇಲೆ ಗುಣಮಟ್ಟ, ಕೊನೆಗೆ ಸಂಖ್ಯೆ ಎಂಬ ತಮ್ಮ ಕ್ರಮ ಕಂಪನಿ ಬೆಳೆದ ವೇಗದಲ್ಲಿ ಗೊಂದಲಕ್ಕೆ ಬಿತ್ತು ಎಂದು ಒಪ್ಪಿಕೊಂಡರು. ಹಗ್ಗ ಅಲ್ಲೇ ಇತ್ತು; ಮೇಲಿನವರ ಮನಸ್ಸಿನಲ್ಲಿ ಕ್ರಮ ತಪ್ಪಿತ್ತು.

ಇನ್ನು ನಿಭಾಯಿಸುವ ಬಗೆ. ನಾಲ್ಕೇ ಕಟ್ಟುಪಾಡು ಸಾಕು. ಒಂದು, ಲೋಡಿಂಗ್ ನಿಲ್ಲಿಸುವ ಅಧಿಕಾರ ಕ್ವಾಲಿಟಿಯವರಿಗೆ ಬರಹದಲ್ಲಿ ಇರಲಿ. ಎರಡು, ಅದನ್ನು ಮೀರಿ ಮಾಲು ಬಿಡುವ ಹಕ್ಕು ಮಾಲೀಕರಿಗೆ ಇರಲಿ, ಆದರೆ ಕಾರಣ ಬರೆದು ಅವರೇ ಸಹಿ ಹಾಕಲಿ, ಗಿರಾಕಿಗೂ ತಿಳಿಸಲಿ. ಬಾಯಿಮಾತಿನಲ್ಲಿ ಸಲೀಸಾಗಿ ಬರುವ ‘ನಡೀತೈತಿ’ ಸಹಿ ಹಾಕುವಾಗ ಅಷ್ಟು ಸಲೀಸಾಗಿ ಬರುವುದಿಲ್ಲ. ಮೂರು, ಮಾಲೀಕರಿಲ್ಲದ ದಿನ ಯಾರು ನಿರ್ಧರಿಸಬೇಕು ಎಂಬುದಕ್ಕೆ ಒಂದೇ ಹೆಸರು ಇರಲಿ. ನಾಲ್ಕು, ಮ್ಯಾನೇಜ್‌ಮೆಂಟ್ ರಿವ್ಯೂ ಎಂಬುದು ಆಡಿಟ್ ಹಿಂದಿನ ರಾತ್ರಿ ಬರೆದ ನಡಾವಳಿ ಆಗದೆ, ತಿಂಗಳಿಗೊಮ್ಮೆ ಅರ್ಧ ತಾಸು ನಡೆಯಲಿ. ಗಿರಾಕಿಗಳ ದೂರೇ ಅದರ ಮೊದಲ ವಿಷಯವಾಗಲಿ.

ಮಾಲೀಕರಿಗೆ ಹೇಳುವುದು ಹೇಗೆ? ಆರೋಪದ ದನಿ ಬೇಡ, ಲೆಕ್ಕ ಒಯ್ಯಿರಿ. ಕಳೆದ ಒಂದು ವರ್ಷದಲ್ಲಿ ವಾಪಸ್ ಬಂದ ಅಥವಾ ರೊಕ್ಕ ಮುರಿದುಕೊಂಡ ಮಾಲಿನ ಪಟ್ಟಿ ಮಾಡಿ, ಅದರಲ್ಲಿ ನೀವು ಬೇಡವೆಂದರೂ ಹೋದವು ಎಷ್ಟು ಎಂದು ಗುರುತು ಹಾಕಿ, ನಷ್ಟದ ಮೊತ್ತ ಕೂಡಿಸಿ. ‘ಸಾವ್ಕಾರ್ರ, ಈ ರೊಕ್ಕ ಉಳಿಸೋ ದಾರಿ ಐತ್ರಿ’ ಎಂದು ಮಾತು ತೆಗೆಯಿರಿ. ವ್ಯಾಪಾರಸ್ಥರಿಗೆ ರಿಸ್ಕ್ ಎಂಬ ಪದಕ್ಕಿಂತ ರೊಕ್ಕ ಎಂಬ ಪದ ಬೇಗ ತಿಳಿಯುತ್ತದೆ.

ಆ ಪಟ್ಟಿ ನೋಡಿಯೂ ಅವರು ಸಿಟ್ಟಾದರೆ ಆ ಸಿಟ್ಟನ್ನು ರಿಜಿಸ್ಟರಿನ ಮೊದಲ ಸಾಲಾಗಿ ಬರೆದುಕೊಳ್ಳಿ. ಕೂತು ಓದಿದರೆ, ಮುಂದಿನ ಆಡಿಟ್‌ನಲ್ಲಿ ಆ ಹಾಳೆಯನ್ನು ಅವರ ಕೈಯಿಂದಲೇ ಕೊಡಿಸಿ. ಅದಕ್ಕೆ ಉತ್ತರ ಹೇಳಬೇಕಾದವರು ಅವರೇ.