ಜನಪದ ಹಾಡಿನ ಧ್ವನಿಮುದ್ರಣ: ಲಿನಕ್ಸ್ ಗಣಕಯಂತ್ರದ ಸಿದ್ಧತೆ

1931ರಲ್ಲಿ ಪ್ರಕಟವಾದ ‘ಗರತಿಯ ಹಾಡು’ ಕನ್ನಡ ಜಾನಪದ ಸಂಗ್ರಹದ ಇತಿಹಾಸದಲ್ಲಿ ಒಂದು ಮುಖ್ಯ ಘಟ್ಟ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರ ಗುಂಪು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು ಅದರಲ್ಲಿವೆ. ಅಚ್ಚಿನ ಪುಟದಲ್ಲಿ ತ್ರಿಪದಿಗೆ ಮೂರು ಸಾಲು. ಹಾಡುವಾಗಲಾದರೋ ಎರಡನೆಯ ಸಾಲಿನ ಒಂದು ಭಾಗ ಮರುಕಳಿಸಿ, ಅದು ನಾಲ್ಕು ಸಾಲಿನ ರೂಪವನ್ನು ತಾಳುತ್ತದೆ. ಬರಹವು ಹಾಡಿನ ಮಾತನ್ನು ಉಳಿಸಿದರೂ ಅದರ ಮಟ್ಟನ್ನು ಉಳಿಸಲಾರದು.

ಆಡುನುಡಿಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಪರಿಸರದ ‘ಮ್ಯಾಲ’, ‘ಬ್ಯಾರೆ’ ಮೊದಲಾದ ರೂಪಗಳಲ್ಲಿ ಕೇಳಿಬರುವ ಸ್ವರ ಎಕಾರ, ಆಕಾರಗಳ ನಡುವಿನದು. ಅದಕ್ಕೆ ಕನ್ನಡ ಲಿಪಿಯಲ್ಲಿ ಪ್ರತ್ಯೇಕ ಅಕ್ಷರವಿಲ್ಲ. ಆದ್ದರಿಂದ ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಣವು ಲಿಖಿತ ಪಠ್ಯದಷ್ಟೇ ಮುಖ್ಯವಾದ ಆಕರವಾಗಬೇಕಾಗುತ್ತದೆ.

ಈ ಕೆಲಸಕ್ಕೆ ಲಿನಕ್ಸ್ ಆಧಾರಿತ ಗಣಕಯಂತ್ರ ತಕ್ಕುದಾಗಿದೆ. ತಂತ್ರಾಂಶಕ್ಕೆ ಹಣ ತೆರಬೇಕಾಗಿಲ್ಲ. ಹಳೆಯ ಲ್ಯಾಪ್‌ಟಾಪ್ ಕೂಡ ಸಾಕಾಗುತ್ತದೆ. ಆದರೆ ಲಿನಕ್ಸ್ ಧ್ವನಿಮುದ್ರಣದ ಕೈಪಿಡಿಗಳು ಬಹುಮಟ್ಟಿಗೆ ಸಂಗೀತಗಾರರನ್ನು ಉದ್ದೇಶಿಸಿದವು ಎಂಬುದನ್ನು ಗಮನಿಸಬೇಕು. ವಾದ್ಯ ನುಡಿಸುತ್ತಲೇ ತನ್ನ ಧ್ವನಿಯನ್ನು ಗಣಕದ ಮೂಲಕ ಕೇಳಬೇಕಾದವನಿಗೆ ವಿಳಂಬ ಕಡಿಮೆಯಿರಬೇಕು. ಅದಕ್ಕಾಗಿ ಬಫರ್ ಎಂಬ ತಾತ್ಕಾಲಿಕ ಸಂಗ್ರಹವನ್ನು ಕಿರಿದಾಗಿಸುತ್ತಾರೆ. ಸೆಕೆಂಡಿಗೆ 48,000 ಮಾದರಿಗಳ ದರದಲ್ಲಿ 128 ಮಾದರಿಗಳ ಬಫರ್ ಸುಮಾರು 2.7 ಮಿಲಿಸೆಕೆಂಡಿನಲ್ಲಿ ತುಂಬುತ್ತದೆ. ಅಷ್ಟರೊಳಗೆ ಗಣಕ ಅದನ್ನು ತೆಗೆದುಕೊಳ್ಳದಿದ್ದರೆ ಧ್ವನಿ ತುಂಡಾಗುತ್ತದೆ. ಹಾಡುವ ಅಜ್ಜಿ ತನ್ನ ಧ್ವನಿಯನ್ನು ಗಣಕದಿಂದ ಕೇಳುವುದಿಲ್ಲ. ಹೀಗಾಗಿ ಜಾನಪದ ಸಂಶೋಧಕನಿಗೆ ಬೇಕಾದುದು ಶೀಘ್ರತೆಯಲ್ಲ, ಅಖಂಡತೆ. 4,096 ಮಾದರಿಗಳ ಬಫರ್ ಸುಮಾರು 85 ಮಿಲಿಸೆಕೆಂಡಿನ ಬಿಡುವನ್ನು ಕೊಡುತ್ತದೆ. 2024ರ 6.12ನೇ ಆವೃತ್ತಿಯಲ್ಲಿ ಮುಖ್ಯ ಕರ್ನಲ್‌ಗೆ ಸೇರಿದ ರಿಯಲ್‌ಟೈಮ್ ಸೌಲಭ್ಯವಾಗಲಿ, ಜ್ಯಾಕ್ ತಂತ್ರಾಂಶದ ಸಿದ್ಧತೆಯಾಗಲಿ ಈ ಕೆಲಸಕ್ಕೆ ಅನಿವಾರ್ಯವಲ್ಲ.

ಸಿದ್ಧತೆಯ ಕ್ರಮವನ್ನು ಹೀಗೆ ಗುರುತಿಸಬಹುದು. ಮೊದಲನೆಯದಾಗಿ, ಯುಎಸ್‌ಬಿ ಧ್ವನಿ ಸಾಧನವನ್ನು ಜೋಡಿಸಿ, ‘ಎರೆಕಾರ್ಡ್’ ಆದೇಶದ ಮೂಲಕ ಗಣಕ ಅದನ್ನು ಗುರುತಿಸಿದೆಯೇ ಎಂದು ನೋಡಬೇಕು. ಎರಡನೆಯದಾಗಿ, ‘ಆಲ್ಸಾಮಿಕ್ಸರ್’ ತೆರೆದು, ಧ್ವನಿಮಟ್ಟವನ್ನು ತಾನಾಗಿಯೇ ಏರಿಳಿಸುವ ಆಯ್ಕೆಯಿದ್ದರೆ ಅದನ್ನು ನಿಲ್ಲಿಸಬೇಕು. ಇಲ್ಲವಾದರೆ ಮುಮ್ಮೇಳ ಹಿಮ್ಮೇಳಗಳ ಸಹಜ ಏರಿಳಿತ ಅಳಿಸಿಹೋಗುತ್ತದೆ. ಗದ್ದಲ ನಿವಾರಣೆಯ ಸೌಲಭ್ಯವನ್ನೂ ಬಳಸಬಾರದು; ಬೀಸುವ ಪದಕ್ಕೆ ಕಲ್ಲಿನ ಸದ್ದು ಗದ್ದಲವಲ್ಲ, ಅದು ಹಾಡಿನ ಲಯವೇ ಆಗಿದೆ. ಮೂರನೆಯದಾಗಿ, ಅತಿ ಎತ್ತರದ ಧ್ವನಿಯೂ ಮೈನಸ್ 12 ಡೆಸಿಬಲ್ ಸುಮಾರಿಗೆ ನಿಲ್ಲುವಂತೆ ಮಟ್ಟವನ್ನು ಹೊಂದಿಸಬೇಕು. ಮಿತಿ ಮೀರಿ ಒಡೆದ ಧ್ವನಿಯನ್ನು ಮರಳಿ ಪಡೆಯುವುದು ಸಾಧ್ಯವಿಲ್ಲ. ನಾಲ್ಕನೆಯದಾಗಿ, ಗಣಕ ನಿದ್ರೆಗೆ ಜಾರುವ ವ್ಯವಸ್ಥೆಯನ್ನು ತಡೆದು, ಬ್ಯಾಟರಿ ತುಂಬಿಸಿ, ಅದರ ಫ್ಯಾನಿನ ಸದ್ದು ತಲುಪದಷ್ಟು ದೂರದಲ್ಲಿ ಮೈಕ್ ಇಡಬೇಕು. ಊರಿಗೆ ಹೊರಡುವ ಮುನ್ನ ಒಂದು ಗಂಟೆಯ ಪ್ರಾಯೋಗಿಕ ಮುದ್ರಣ ಮಾಡುವುದು ಅಗತ್ಯ. ಧ್ವನಿ ತಪ್ಪಿದ್ದರೆ ‘ಎರೆಕಾರ್ಡ್’ ಅದನ್ನು ಪರದೆಯ ಮೇಲೆ ತಿಳಿಸುತ್ತದೆ.

ಧ್ವನಿ ದಾಖಲೆಗಳ ಸಂರಕ್ಷಣೆಗೆ ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಕನಿಷ್ಠ ಪ್ರಮಾಣ 48 ಕಿಲೋಹರ್ಟ್ಜ್, 24 ಬಿಟ್. ಈ ಪ್ರಮಾಣದಲ್ಲಿ ಒಂದೇ ಚಾನೆಲಿನ ಒಂದು ಗಂಟೆಯ ವೇವ್ ಕಡತಕ್ಕೆ ಸುಮಾರು 518 ಮೆಗಾಬೈಟ್ ಜಾಗ ಬೇಕು. ಎಂಪಿ3 ರೂಪದಲ್ಲಿ ಜಾಗ ಉಳಿಯುತ್ತದೆ, ಆದರೆ ಧ್ವನಿಯ ಕೆಲವು ಅಂಶಗಳು ಶಾಶ್ವತವಾಗಿ ಕಳೆದುಹೋಗುತ್ತವೆ. ಜಾಗದ ಕೊರತೆಯಿದ್ದಲ್ಲಿ ನಷ್ಟವಿಲ್ಲದೆ ಕುಗ್ಗಿಸುವ ಫ್ಲ್ಯಾಕ್ ರೂಪ ಲೇಸು. ಮುಂದೆ ಪ್ರಾಟ್ ತಂತ್ರಾಂಶದಲ್ಲಿ ಸ್ವರಗಳನ್ನು ಅಳೆಯುವವರಿಗೆ ಇಂಥ ಕಡತಗಳೇ ಆಧಾರ.

ಹಾಡಿದವರ ಒಪ್ಪಿಗೆ, ಊರು, ದಿನಾಂಕ, ಹಾಡಿನ ಸಂದರ್ಭ, ಬಳಸಿದ ಸಾಧನ ಇವುಗಳ ವಿವರವನ್ನು ಅದೇ ದಿನ ಬರೆದು ಕಡತದೊಂದಿಗೆ ಇಡಬೇಕು. ಪ್ರತಿಗಳನ್ನು ಎರಡು ಬೇರೆ ಸ್ಥಳಗಳಲ್ಲಿ ಕಾಪಾಡಬೇಕು. ಪಠ್ಯ ಸಂಪಾದಕನು ಓದಿದ ಪಾಠವನ್ನು ಹಸ್ತಪ್ರತಿಯೊಡನೆ ಹೋಲಿಸಿ ಪರೀಕ್ಷಿಸಲು ಬೇರೆಯವರಿಗೆ ಸಾಧ್ಯವಿದೆ. ಜಾನಪದ ಪಠ್ಯಕ್ಕೂ ಅಂಥ ಪರೀಕ್ಷೆ ಸಾಧ್ಯವಾಗಬೇಕಾದರೆ ಮೂಲ ಧ್ವನಿ ತುಂಡಾಗದೆ ಉಳಿದಿರಬೇಕು.