ಉಪಕಾರ ಮಾಡಿದವರಿಗೇ ವೋಟು ಹಾಕಬೇಕಾ?

ಪ್ರಶ್ನೆ: ನಾವು ಜೆ.ಪಿ. ನಗರದವರು. 2021ರಲ್ಲಿ ನಮ್ಮತ್ತೆಗೆ ಕೋವಿಡ್ ಆದಾಗ ಯಜಮಾನರ ಗೆಳೆಯರೊಬ್ಬರು ಓಡಾಡಿ ಆಸ್ಪತ್ರೆಯಲ್ಲಿ ಬೆಡ್ ಕೊಡಿಸಿದರು. ಈಗ ಅವರು ಕಾರ್ಪೊರೇಟರ್ ಚುನಾವಣೆಗೆ ನಿಲ್ಲುವ ತಯಾರಿಯಲ್ಲಿದ್ದಾರೆ. ಮನೆಯ ನಾಲ್ಕೂ ವೋಟು ಅವರಿಗೇ ಎಂದು ಯಜಮಾನರು ಮಾತು ಕೊಟ್ಟಾಗಿದೆ. ನನಗೆ ಮಾತ್ರ ಕಸ, ಮೋರಿ ಅಂತ ವರ್ಷಗಳಿಂದ ಓಡಾಡುತ್ತಿರುವ ಇನ್ನೊಬ್ಬ ಹೆಣ್ಣುಮಗಳೇ ಸರಿ ಅನ್ನಿಸುತ್ತಿದೆ. ಹಾಗೆ ಮಾಡಿದರೆ ನಾನು ಕೃತಘ್ನಳಾ? ನಿದ್ದೆ ಬರುತ್ತಿಲ್ಲ.

ಉತ್ತರ: ನಿಮ್ಮ ಸಂಕಟ ಸಣ್ಣದಲ್ಲ. ಆ ದಿನಗಳಲ್ಲಿ ಒಂದು ಬೆಡ್ ಅಂದರೆ ಏನೆಂದು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ ಕೈಹಿಡಿದವರನ್ನು ನೆನೆದು ಮನಸ್ಸು ಹಿಂಜರಿಯುತ್ತಿದೆ. ಕೃತಘ್ನರಿಗೆ ಈ ಕಸಿವಿಸಿ ಆಗುವುದೇ ಇಲ್ಲ.

ಆದರೆ ಆ ಋಣ ನಿಮ್ಮ ಮನೆಯದು. ವೋಟಿನ ಫಲ ಉಣ್ಣುವವರು ಇಡೀ ವಾರ್ಡಿನವರು. ಗೆಳೆಯರ ಮನೆಯ ಕಷ್ಟಸುಖಕ್ಕೆ ನಿಲ್ಲಿ, ಹಬ್ಬಕ್ಕೆ ಕರೆಯಿರಿ, ಅವರ ಉಪಕಾರವನ್ನು ನಾಲ್ಕು ಜನರ ಮುಂದೆ ಹೇಳಿ. ಪಕ್ಕದ ಬೀದಿಯ ಮೋರಿಯನ್ನು ಅಡವಿಟ್ಟು ಆ ಋಣ ತೀರಿಸಬೇಕಾಗಿಲ್ಲ. ಅವರೂ ಬಹುಶಃ ವೋಟಿನ ಲೆಕ್ಕ ಹಾಕಿ ಆವತ್ತು ಓಡಾಡಿದವರಲ್ಲ. ಹಾಗೆ ಓಡಾಡಿದ್ದರೆ ಆಗ ಈ ಚಿಂತೆಯೇ ಬೇಡ!

ಇನ್ನು ನಿಮಗೆ ಸರಿ ಅನ್ನಿಸಿದವರನ್ನೂ ಕಣ್ಣುಮುಚ್ಚಿ ಒಪ್ಪಬೇಡಿ. ಬೆಂಗಳೂರಿನಲ್ಲಿ ಕಾರ್ಪೊರೇಟರುಗಳ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಅವರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಅಧಿಕಾರಿಗಳದೇ ಆಡಳಿತ. ಕಾರ್ಪೊರೇಟರ್ ಏನು ಮಾಡಬಲ್ಲರು ಎಂಬುದನ್ನೇ ನಾವು ಮರೆತಿದ್ದೇವೆ. ಕಸ, ಮೋರಿ, ಬಡಾವಣೆಯ ರಸ್ತೆ, ಬೀದಿದೀಪ, ಪಾರ್ಕು: ಇವು ಅವರ ಕೆಲಸ. ಕಾವೇರಿ ನೀರು ಜಲಮಂಡಳಿಯದು, ಕರೆಂಟು ಬೆಸ್ಕಾಂನದು. ಮನೆಬಾಗಿಲಿಗೆ ಬಂದವರು ನೀರು, ಮೆಟ್ರೊ ಎಲ್ಲ ತಂದುಕೊಡುತ್ತೇನೆ ಅಂದರೆ ನಗುತ್ತಲೇ ಕೇಳಿ: "ಅದಿರಲಿ, ನಮ್ಮ ಬೀದಿ ಮೋರಿಗೆ ಏನು ಮಾಡ್ತೀರಿ?" ವಾರ್ಡ್ ಸಮಿತಿ ಸಭೆ ಕರೆಯುತ್ತೀರಾ ಎಂದೂ ಕೇಳಿ. ಇದೇ ಎರಡು ಪ್ರಶ್ನೆ ನಿಮ್ಮ ಗೆಳೆಯರಿಗೂ ಇರಲಿ. ಅವರ ಉತ್ತರವೇ ಚೆನ್ನಾಗಿದ್ದರೆ ನಿಮ್ಮ ಮನಸ್ಸು ಬದಲಾದರೂ ತಪ್ಪೇನಿಲ್ಲ. ನಾಮಪತ್ರದ ಜೊತೆಗೆ ಆಸ್ತಿ, ಸಾಲ, ಕ್ರಿಮಿನಲ್ ಮೊಕದ್ದಮೆಗಳ ವಿವರವಿರುವ ಪ್ರಮಾಣಪತ್ರವನ್ನೂ ಅಭ್ಯರ್ಥಿಗಳು ಕೊಡಬೇಕು. ಇಬ್ಬರದನ್ನೂ ಓದಿ.

ಯಜಮಾನರ ಜೊತೆ ಜಗಳ ಬೇಡ, ಸುಳ್ಳೂ ಬೇಡ. ಊಟ ಮುಗಿದು ಮನಸ್ಸು ಹಗುರಾಗಿರುವಾಗ ಹೇಳಿ: "ಅವರ ಉಪಕಾರ ನಾನೂ ಮರೆತಿಲ್ಲ. ನನ್ನ ವೋಟು ನಾನೇ ಯೋಚಿಸಿ ಹಾಕ್ತೀನಿ." ಮಾತು ಕೊಡುವ ಮುಂಚೆ ಅವರು ನಿಮ್ಮನ್ನು ಕೇಳಬೇಕಿತ್ತು, ನಿಜ. ಗೆಳೆತನದ ಉತ್ಸಾಹದಲ್ಲಿ ಆಡಿದ ಮಾತು ಅಂದುಕೊಳ್ಳೋಣ. ಮತಗಟ್ಟೆಯ ಮರೆಯಲ್ಲಿ ಮಾಡಿದ್ದನ್ನು ಯಾರಿಗೂ ಒಪ್ಪಿಸಬೇಕಿಲ್ಲ, ಗಂಡನಿಗೂ.

ಒಂದು ವೋಟಿಗೆ ಇಷ್ಟು ಯೋಚನೆ ಯಾಕೆ ಅಂತ ಯಾರಾದರೂ ಹಂಗಿಸಿದರೆ, 2023ರ ವಿಧಾನಸಭಾ ಚುನಾವಣೆಯಲ್ಲಿ ಜಯನಗರದ ಸೋಲು ಗೆಲುವು 16 ಮತಗಳಲ್ಲಿ ತೀರ್ಮಾನವಾದದ್ದನ್ನು ನೆನಪಿಸಿ.

ಬೆಂಗಳೂರಿಗೆ ಒಂದರ ಬದಲು ಐದು ಪಾಲಿಕೆಗಳಾದ ಮೇಲೆ ವಾರ್ಡುಗಳ ಗಡಿ ಬದಲಾಗಿದೆ. ಹಿಂದಿನ 198ರ ಜಾಗದಲ್ಲಿ ಈಗ 369 ವಾರ್ಡುಗಳು. ನೀವು ಹೇಳುವ ಇಬ್ಬರೂ ನಿಮ್ಮ ವಾರ್ಡಿನಲ್ಲೇ ನಿಲ್ಲುತ್ತಾರೆಯೇ, ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ಮೊದಲು ನೋಡಿಕೊಳ್ಳಿ. ಒತ್ತಾಯ ಬೆದರಿಕೆಯ ಮಟ್ಟಕ್ಕೆ ಹೋದರೆ ಚುನಾವಣಾಧಿಕಾರಿಗೆ ದೂರು ಕೊಡಬಹುದು. ಇಷ್ಟಾದ ಮೇಲೂ ನಿದ್ದೆ ಬಾರದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.